ಬಚ್ಚಲುಮನೆಗೆ ಚೌಕಟ್ಟಿಲ್ಲದ ಗಾಜಿನ ಬಾಗಿಲು: 8 ಮಿ.ಮೀ. ಸಾಕೇ, ಹಿಂಜ್ ಯಾವುದಿರಬೇಕು?

ಹೊಸಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ಕೆಲಸ ಟೈಲ್ಸ್ ಹಂತಕ್ಕೆ ಬಂದಿದೆ. ನೆಲಮಹಡಿಯ ಬಚ್ಚಲುಮನೆ 5 ಅಡಿ ಅಗಲ, ಎಂಟೂವರೆ ಅಡಿ ಉದ್ದವಿದ್ದು, ಅದರ ಕೊನೆಯ ಮೂರು ಅಡಿಯನ್ನು ಸ್ನಾನಕ್ಕೆಂದು ಗಾಜಿನಿಂದ ಬೇರ್ಪಡಿಸಬೇಕೆಂದುಕೊಂಡಿದ್ದೇವೆ. ಈಗಿರುವ ಬಾಡಿಗೆ ಮನೆಯಲ್ಲಿ ಒಬ್ಬರು ಸ್ನಾನ ಮುಗಿಸಿ ಬಂದರೆ ಕಮೋಡಿನ ಮುಚ್ಚಳದಿಂದ ಹಿಡಿದು ಹೊಸಿಲ ಬಳಿಯ ಕಾಲೊರಸಿನವರೆಗೆ ಎಲ್ಲವೂ ತೊಯ್ದಿರುತ್ತದೆ. 74 ವರ್ಷದ ನಮ್ಮ ಅತ್ತೆಯವರು ಆ ಒದ್ದೆ ನೆಲದ ಮೇಲೆ ಗೋಡೆ ಹಿಡಿದುಕೊಂಡು ನಡೆಯುವುದನ್ನು ನೋಡಿದಾಗಲೆಲ್ಲ ಹೊಸ ಮನೆಯಲ್ಲಿ ಇದು ಮುಂದುವರಿಯಬಾರದು ಎನಿಸುತ್ತದೆ.

ಗೋಡೆಗಳ ಟೈಲ್ಸ್ ಮುಗಿದಿದೆ, ನೆಲದ್ದು ಇನ್ನೂ ಆಗಿಲ್ಲ. ಗಾಜು ನಿಲ್ಲಬೇಕಾದ ಜಾಗದಲ್ಲಿ ಈಗ 1,490 ಮಿ.ಮೀ. ಅಗಲ ಸಿಗುತ್ತಿದೆ. ಬಲಗಡೆಯದು 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ಎಡಗಡೆಯದು ಪಕ್ಕದ ಕೋಣೆಗೂ ಬಚ್ಚಲಿಗೂ ನಡುವಿನ 4 ಇಂಚಿನ ಎಎಸಿ (ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆ. ಎರಡು ಕಡೆ ದರ ಕೇಳಿದ್ದೇವೆ. ಒಬ್ಬರು 8 ಮಿ.ಮೀ. ಗಾಜು ಮತ್ತು ‘ಎಸ್ಸೆಸ್ ಫಿನಿಶ್’ (ಸ್ಟೇನ್‌ಲೆಸ್ ಸ್ಟೀಲಿನ ಮೆರುಗು) ಹಿಂಜ್ ಎಂದು ಬರೆದುಕೊಟ್ಟಿದ್ದಾರೆ, ಇನ್ನೊಬ್ಬರು 10 ಮಿ.ಮೀ. ಗಾಜು ಮತ್ತು ಹಿತ್ತಾಳೆ ಹಿಂಜ್ ಎಂದು. ಎರಡನೆಯವರ ದರ ಗಣನೀಯವಾಗಿ ಹೆಚ್ಚಿದೆ. ನಮ್ಮ ಮನೆಗೆ ಕಾವೇರಿ ನೀರಿನ ಜೊತೆ ಬೋರ್‌ವೆಲ್ ನೀರೂ ಬರುತ್ತದೆ. ಆ ಹೆಚ್ಚಿನ ಹಣ ಗಾಜಿಗೆ ಹೋಗುತ್ತಿದೆಯೋ ಹಿಂಜಿಗೆ ಹೋಗುತ್ತಿದೆಯೋ, ಅದಕ್ಕೆ ಅಷ್ಟು ಕೊಡುವುದು ಸರಿಯೋ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಗಾಜಿನ ಕೆಲಸದವ, ಬೆಂಗಳೂರು

ಮೇಡಂ, ಇಪ್ಪತ್ತು ವರ್ಷಗಳಿಂದ ಗಾಜು ಕೂರಿಸುವುದೇ ನನ್ನ ಕಸುಬು. ಗಿರಾಕಿಗಳು ಮೊದಲು ಕೇಳುವುದು ಗಾಜಿನ ದಪ್ಪವನ್ನೇ. ಆದರೆ ಐದಾರು ವರ್ಷದ ಮೇಲೆ ರಿಪೇರಿಗೆ ಕರೆದಾಗ ಹೋಗಿ ನೋಡಿದರೆ ಗಾಜು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಹಿಂಜ್, ಇಲ್ಲವೇ ಸಡಿಲವಾಗಿರುವುದು ಗೋಡೆಯೊಳಗಿನ ಸ್ಕ್ರೂ. ಆದ್ದರಿಂದ ನಾನು ಗೋಡೆಯಿಂದಲೇ ಶುರುಮಾಡುತ್ತೇನೆ.

ಯಾವುದೇ ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. 700 ಮಿ.ಮೀ. ಅಗಲ, 2,000 ಮಿ.ಮೀ. ಎತ್ತರದ ಬಾಗಿಲು 10 ಮಿ.ಮೀ. ಗಾಜಿನಲ್ಲಿ 35 ಕೆ.ಜಿ., 8 ಮಿ.ಮೀ. ಗಾಜಿನಲ್ಲಿ 28 ಕೆ.ಜಿ. ಆಗುತ್ತದೆ. ಚೌಕಟ್ಟಿಲ್ಲದ ಕಾರಣ ಇಷ್ಟೂ ಭಾರವನ್ನು ಎರಡು ಹಿಂಜ್‌ಗಳೇ ಹೊರಬೇಕು. ಮೇಲಿನ ಹಿಂಜ್ ಹಗಲಿರುಳೂ ಗೋಡೆಯಿಂದ ಕಿತ್ತುಕೊಂಡು ಬರುವ ಎಳೆತದಲ್ಲಿರುತ್ತದೆ, ಕೆಳಗಿನದು ಗೋಡೆಯನ್ನು ಒತ್ತುತ್ತಿರುತ್ತದೆ. ಬಾಗಿಲನ್ನು ಅಗಲ ಮಾಡಿದರೆ ತೂಕವೂ ಹೆಚ್ಚುತ್ತದೆ, ಆ ತೂಕ ಗೋಡೆಯಿಂದ ಇನ್ನೂ ದೂರಕ್ಕೂ ಹೋಗುತ್ತದೆ. ಹೀಗಾಗಿ 600 ಮಿ.ಮೀ. ಬಾಗಿಲನ್ನು 750ಕ್ಕೆ ಏರಿಸಿದರೆ ಮೇಲಿನ ಹಿಂಜಿನ ಮೇಲಿನ ಎಳೆತ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚೇ ಆಗುತ್ತದೆ. ಎಎಸಿ ಬ್ಲಾಕ್ ಹಗುರ, ಒಳಗೆಲ್ಲ ಗಾಳಿಗುಳ್ಳೆ. ಅದರಲ್ಲಿ ಸ್ಕ್ರೂ ಕಚ್ಚಲೆಂದು ತೂತಿಗೆ ತುರುಕುವ ಸಾಮಾನ್ಯ ರಾಲ್‌ಪ್ಲಗ್ ಹಾಕಿ ಹಿಂಜ್ ಕೂರಿಸಿದರೆ ಮೊದಲ ದಿನ ಗಟ್ಟಿಯಾಗಿಯೇ ಕಾಣುತ್ತದೆ, ವರ್ಷ ತುಂಬುವಷ್ಟರಲ್ಲಿ ಬಾಗಿಲಿನ ಮೂಲೆ ನೆಲಕ್ಕೆ ತಾಗತೊಡಗುತ್ತದೆ. ಆದ್ದರಿಂದ ಹಿಂಜ್ ನಿಮ್ಮ ಬಲಗಡೆಯ ಸಾಲಿಡ್ ಬ್ಲಾಕ್ ಗೋಡೆಗೇ ಬರಲಿ, ಎಡಗಡೆ ತೆರೆಯದ ಗಾಜು ಬರಲಿ. ತೆರೆಯದ ಗಾಜಿನ ಭಾರ ನೆಲದ ಮೇಲೆ ಕೂರುವುದರಿಂದ ಎಎಸಿ ಗೋಡೆಗೆ ಅದು ಹೊರೆಯಾಗುವುದಿಲ್ಲ. ಅದು ಅಲುಗಾಡದಂತೆ ಮೇಲ್ತುದಿಯಲ್ಲಿ ಒಂದು ಸಪೋರ್ಟ್ ರಾಡ್ ಇದ್ದರಾಯಿತು.

ಇನ್ನು ‘ಎಸ್ಸೆಸ್ ಫಿನಿಶ್’ ಎಂಬ ಮಾತು. ಫಿನಿಶ್ ಎಂದರೆ ಮೇಲಿನ ಬಣ್ಣ ಮಾತ್ರ; ಒಳಗಿನ ಲೋಹ ಯಾವುದೆಂದು ಆ ಕಾಗದ ಹೇಳುತ್ತಿಲ್ಲ. ಅಗ್ಗದ ಹಿಂಜ್‌ಗಳು ಬಹುಮಟ್ಟಿಗೆ ಅಚ್ಚಿನಲ್ಲಿ ಎರಕಹೊಯ್ದ ಸತುವಿನ ಮಿಶ್ರಲೋಹದವು. ಮೇಲಿನ ಕ್ರೋಮ್ ಲೇಪನ ಒಂದು ಕಡೆ ಸೀಳಿದರೂ ಸಾಕು, ಒಳಗೆ ನೀರು ಇಳಿದು ಬಿಳಿಯ ಪುಡಿ ಉಬ್ಬಿಕೊಂಡು ಬರುತ್ತದೆ. ಹಿತ್ತಾಳೆ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಂದು ಜೊತೆ ಹಿಂಜ್ ಎಷ್ಟು ಕೆ.ಜಿ. ಹೊರುತ್ತದೆ, ಎಷ್ಟು ಅಗಲದ ಬಾಗಿಲಿಗೆ ಸಲ್ಲುತ್ತದೆ ಎಂಬ ಎರಡೂ ಅಂಕಿ ತಯಾರಕರ ಪಟ್ಟಿಯಲ್ಲಿರುತ್ತವೆ, ಕೆ.ಜಿ. ಮಾತ್ರ ನೋಡಿ ಅಗಲವನ್ನು ಮರೆಯುವವರೇ ಹೆಚ್ಚು. 35 ಕೆ.ಜಿ. ಬಾಗಿಲಿಗೆ 45 ಕೆ.ಜಿ. ಹೊರುವ ಜೊತೆ ತೆಗೆದುಕೊಂಡರೆ ನೆಮ್ಮದಿ.

ಗಾಜಿನ ವಿಷಯಕ್ಕೆ ಬಂದರೆ, 8 ಮಿ.ಮೀ. ತಪ್ಪೇನಲ್ಲ. 650 ಮಿ.ಮೀ. ಒಳಗಿನ ಬಾಗಿಲಿಗೆ ಅದು ಧಾರಾಳವಾಗಿ ಸಾಕು. 10 ಮಿ.ಮೀ. ಆದರೆ ಕೈಯಲ್ಲಿ ತಳ್ಳಿದಾಗ ನಡುಗುವುದಿಲ್ಲ, ನಾನು ನನ್ನ ಮನೆಗೆ ಹಾಕಿಸಿಕೊಂಡದ್ದೂ ಅದನ್ನೇ. ಎರಡರಲ್ಲಿ ಯಾವುದಾದರೂ ಟಫನ್ಡ್ (ಕಾಯಿಸಿ ಒಮ್ಮೆಗೇ ತಣಿಸಿ ಬಲಪಡಿಸಿದ) ಗಾಜೇ ಆಗಿರಬೇಕು. ಕಟ್ಟಡಗಳ ಸುರಕ್ಷತಾ ಗಾಜಿಗೆ ಐಎಸ್ (ಭಾರತೀಯ ಮಾನಕ) 2553ರ ಮೊದಲ ಭಾಗವೇ ಮಾನದಂಡ, ಅದರ ಗುರುತನ್ನು ಗಾಜಿನ ಒಂದು ಮೂಲೆಯಲ್ಲಿ ಅಳಿಸಲಾಗದಂತೆ ಮುದ್ರಿಸಿರುತ್ತಾರೆ. ಗುರುತು ನೋಡದೆ ಗಾಜನ್ನು ಲಾರಿಯಿಂದ ಇಳಿಸಿಕೊಳ್ಳಬೇಡಿ.

ಕಡಲ ತಡಿಯವ, ಉಡುಪಿ

ಮೇಲಿನವರು ಹೇಳಿದ ಬಿಳಿ ಪುಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮದು ಸಮುದ್ರದಿಂದ ಒಂದು ಕಿಲೋಮೀಟರಿಗಿಂತ ಕಡಿಮೆ ದೂರದ ಮನೆ. ಅಂಗಡಿಯವರು ಸ್ಟೇನ್‌ಲೆಸ್ ಸ್ಟೀಲ್ ಎಂದು ಹೇಳಿ ಕೊಟ್ಟರು, ನಾನು ಜಾಣನೆಂಬಂತೆ ಆಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಂಜಿನ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಗುಳ್ಳೆಯೆದ್ದಿತು. ಉಗುರಿನಿಂದ ಕೆರೆದರೆ ಕ್ರೋಮ್ ಸಿಪ್ಪೆಯಂತೆ ಸುಲಿದು ಬಂತು, ಕೆಳಗಿದ್ದದ್ದು ಬೂದು ಬಣ್ಣದ ಬೇರೆಯೇ ಲೋಹ. ಆಮೇಲೆ ತಿಳಿದದ್ದೇನೆಂದರೆ, ಆಯಸ್ಕಾಂತಕ್ಕೆ ಸತುವೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ, 304ರ ಬದಲು ಕೊಡುವ ಅಗ್ಗದ 200 ಸರಣಿಯ ಸ್ಟೀಲೂ ಬಹುಮಟ್ಟಿಗೆ ಅಂಟುವುದಿಲ್ಲ. ಹಾಗಾಗಿ ಆ ಪರೀಕ್ಷೆಯಿಂದ ಸಾಬೀತಾಗುವುದು ಏನೂ ಇಲ್ಲ. ಒಂದೇ ಗಾತ್ರದ ಎರಡು ಹಿಂಜ್‌ಗಳನ್ನು ಎರಡು ಕೈಯಲ್ಲಿ ಹಿಡಿದು ನೋಡಿದರೆ ಹಿತ್ತಾಳೆಯದು ಸತುವಿನದಕ್ಕಿಂತ ಎದ್ದು ಕಾಣುವಷ್ಟು ಭಾರವಿರುತ್ತದೆ, ಅದು ಇದ್ದುದರಲ್ಲಿ ವಾಸಿ.

ಉಪ್ಪುಗಾಳಿಯ ಊರುಗಳಲ್ಲಿ 304 ಕೂಡ ಚುಕ್ಕಿಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ನಾನು ಈಗ ಹಾಕಿಸಿರುವುದು ಮಾಲಿಬ್ಡಿನಂ ಬೆರೆತ 316 ದರ್ಜೆಯದು. ಮೈಸೂರಿನವರಿಗೆ ಅಷ್ಟರ ಅಗತ್ಯವಿಲ್ಲ. ಆದರೆ ಹಿಂಜ್ ಒಳ್ಳೆಯದು ಕೊಟ್ಟು ಸ್ಕ್ರೂ ಮಾತ್ರ ಸಾಮಾನ್ಯ ಕಬ್ಬಿಣದ್ದು ಹಾಕುವ ಅಭ್ಯಾಸ ಎಲ್ಲೆಡೆ ಇದೆ. ನಮ್ಮಲ್ಲಿ ಮುರಕಲ್ಲಿನ ಗೋಡೆ, ಕಲ್ಲೇ ತೂತುತೂತು. ಅಲ್ಲಿ ರಾಲ್‌ಪ್ಲಗ್ ಕಚ್ಚಲಿಲ್ಲ. ರಂಧ್ರಕ್ಕೆ ರಾಸಾಯನಿಕ ಅಂಟು ತುಂಬಿ ಸ್ಟೇನ್‌ಲೆಸ್ ಬೋಲ್ಟ್ ನೆಡಬೇಕಾಯಿತು.

ಹೊಸಮನೆ, ಮೈಸೂರು

ಇಬ್ಬರಿಗೂ ಧನ್ಯವಾದಗಳು. ಮೊದಲ ದರಪಟ್ಟಿಯವರಿಗೆ ಫೋನ್ ಮಾಡಿ ಲೋಹ ಯಾವುದೆಂದು ಕೇಳಿದೆ. ಸ್ವಲ್ಪ ತಡವರಿಸಿ ‘ಜಿಂಕ್ ಮೇಡಂ, ಆದರೆ ಎಲ್ಲರೂ ಅದನ್ನೇ ಹಾಕಿಸುವುದು’ ಎಂದರು. ಇನ್ನೆರಡು ಸಂದೇಹಗಳಿವೆ. ಬಾಗಿಲು ಒಳಗೆ ತೆರೆಯಬೇಕೇ ಹೊರಗೆ ತೆರೆಯಬೇಕೇ ಎಂಬುದು ಒಂದು. ನೀರು ಹೊರಗೆ ಬಾರದಂತೆ ನಾಲ್ಕು ಇಂಚಿನ ಕಟ್ಟೆ ಕಟ್ಟಲೇಬೇಕೆಂದು ಟೈಲ್ಸ್ ಮೇಸ್ತ್ರಿ ಹಟ ಹಿಡಿದಿದ್ದಾರೆ, ಅತ್ತೆಯವರು ಕಾಲೆತ್ತಿ ದಾಟುವುದು ಕಷ್ಟ ಎಂಬುದು ಇನ್ನೊಂದು.

ಮನೆವಿನ್ಯಾಸ, ಧಾರವಾಡ

ನಾನು ವೃತ್ತಿಯಿಂದ ವಾಸ್ತುಶಿಲ್ಪಿ. ಅದಕ್ಕಿಂತ ಹೆಚ್ಚಾಗಿ, ನನ್ನ ತಂದೆಯವರನ್ನು ಕೊನೆಯ ಮೂರು ವರ್ಷ ನಾನೇ ಸ್ನಾನ ಮಾಡಿಸಿದವನು. ಆ ಅನುಭವದಿಂದ ಹೇಳುತ್ತಿದ್ದೇನೆ.

ಬಾಗಿಲು ಹೊರಗೆ ತೆರೆಯಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಮೂರು ಅಡಿ ಆಳದ ಜಾಗದಲ್ಲಿ ಒಳಗಿದ್ದವರು ಜಾರಿ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಒಳಗೆ ಮಾತ್ರ ತೆರೆಯುವ ಬಾಗಿಲಾದರೆ ಹೊರಗಿನವರು ತಳ್ಳುವಂತೆಯೂ ಇಲ್ಲ, ಒಡೆಯುವಂತೆಯೂ ಇಲ್ಲ. ಗೋಡೆಗೆ ಕೂರಿಸುವ ಶವರ್ ಹಿಂಜ್‌ಗಳಲ್ಲಿ ಹೆಚ್ಚಿನವು ಎರಡೂ ಕಡೆ 90 ಡಿಗ್ರಿ ತಿರುಗುತ್ತವೆ. ನಿಮ್ಮ ಕಮೋಡು ಅಥವಾ ಬೇಸಿನ್ನಿಗೆ ಬಾಗಿಲು ಬಡಿಯದೆ ಪೂರ್ತಿ ತೆರೆಯುತ್ತದೆಯೇ ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಕಮಾನು ಎಳೆದು ಈಗಲೇ ನೋಡಿಕೊಳ್ಳಿ. ಜಾರುವ ಬಾಗಿಲು ಜಾಗ ಉಳಿಸುತ್ತದೆ ನಿಜ, ಆದರೆ 1,490 ಮಿ.ಮೀ.ನಲ್ಲಿ ಅರ್ಧದಷ್ಟೂ ದಾರಿ ಸಿಗುವುದಿಲ್ಲ, ಮೇಲಾಗಿ ಕೆಳಗಿನ ಗೈಡಿನಲ್ಲಿ ಸೋಪಿನ ಜಿಡ್ಡೂ ಕೂದಲೂ ಸೇರಿ ಕೂರುತ್ತವೆ.

ಕಟ್ಟೆ ಬೇಡ. ನೆಲದ ಟೈಲ್ಸ್ ಇನ್ನೂ ಹಾಕಿಲ್ಲ ಎಂದಿದ್ದೀರಿ, ಅದು ನಿಮ್ಮ ಅದೃಷ್ಟ. ಸ್ನಾನದ ಜಾಗದ ನೆಲವನ್ನು ಗಾಜಿನ ಗೆರೆಯಿಂದಲೇ ಒಳಕ್ಕೆ, ಹಿಂದಿನ ಗೋಡೆಯ ಕಡೆಗೆ ವಾಟ ಕೊಟ್ಟು ಇಳಿಸಿಸಿ. ಒಂದು ಮೀಟರಿಗೆ 15ರಿಂದ 20 ಮಿ.ಮೀ. ಇಳಿದರೆ ಸಾಕು, ಕಾಲಿಗೆ ಗೊತ್ತೂ ಆಗುವುದಿಲ್ಲ. ಹಿಂದಿನ ಗೋಡೆಯ ಬುಡದಲ್ಲಿ ಉದ್ದನೆಯ ಜಾಲರಿ ಹಾಕಿಸಿದರೆ ವಾಟ ಒಂದೇ ದಿಕ್ಕಿಗೆ ಇರುತ್ತದೆ, ದೊಡ್ಡ ಟೈಲ್ಸನ್ನು ನಾಲ್ಕು ಚೂರು ಮಾಡಬೇಕಾಗಿ ಬರುವುದಿಲ್ಲ. ಟೈಲ್ಸ್ ಹಾಕಿದ ಸಂಜೆ ಒಂದು ಬಕೀಟು ನೀರನ್ನು ಗಾಜು ಬರುವ ಗೆರೆಯ ಮೇಲೆ ಸುರಿಸಿ, ಅದು ಯಾವ ಕಡೆ ಓಡುತ್ತದೆಂದು ನೀವೇ ನಿಂತು ನೋಡಿ. ಮೇಸ್ತ್ರಿಗಳು ರಸಮಟ್ಟ ಇಟ್ಟು ತೋರಿಸುವುದನ್ನು ನಂಬಬೇಡಿ ಎಂದಲ್ಲ, ನೀರನ್ನು ಹೆಚ್ಚು ನಂಬಿ. ಬಾಗಿಲಿನ ಅಡಿಯಲ್ಲಿ ಹೇಗೂ 8ರಿಂದ 10 ಮಿ.ಮೀ. ಸಂದು ಬಿಟ್ಟಿರುತ್ತಾರೆ. ಅದಕ್ಕೆ ಒಳಮುಖವಾಗಿ ನೀರು ತೊಟ್ಟಿಕ್ಕಿಸುವ ನಾಲಗೆಯಿರುವ ಪಾರದರ್ಶಕ ಸೀಲ್ ಸಿಗುತ್ತದೆ. ಅದು ಎರಡು ಮೂರು ವರ್ಷದಲ್ಲಿ ಹಳದಿಯಾಗುತ್ತದೆ, ಎಳೆದು ತೆಗೆದು ಹೊಸದು ಸಿಕ್ಕಿಸಿದರಾಯಿತು. ಶವರಿನ ಧಾರೆ ನೇರವಾಗಿ ಬಾಗಿಲಿಗೆ ಹೊಡೆಯುವಂತಿದ್ದರೆ ಮಾತ್ರ ಯಾವ ಸೀಲೂ ತಡೆಯಲಾರದು.

ಇನ್ನೊಂದು ಮಾತು, ಸ್ವಲ್ಪ ದಾರಿ ತಪ್ಪಿದಂತೆ ಕಂಡರೂ ಹೇಳಿಬಿಡುತ್ತೇನೆ. ನಿಮ್ಮ ಅತ್ತೆಯವರು ಶವರಿನ ಕೆಳಗೆ ನಿಂತು ಸ್ನಾನ ಮಾಡುವವರೇ, ಅಥವಾ ಮಣೆಯ ಮೇಲೆ ಕುಳಿತು ಬಕೀಟಿನಿಂದ ಮೊಗೆದು ಹಾಕಿಕೊಳ್ಳುವವರೇ? ಎರಡನೆಯದಾದರೆ ಮಣೆ, ಬಕೀಟು, ಮುಂದೊಂದು ದಿನ ಬೆನ್ನಿಗೆ ನೀರು ಹಾಕುವ ಇನ್ನೊಬ್ಬರು, ಇಷ್ಟಕ್ಕೂ ಆ ಮೂರು ಅಡಿಯಲ್ಲಿ ಜಾಗ ಬೇಕು. ನಮ್ಮ ಮನೆಯಲ್ಲಿ ಕೊನೆಗೆ ಬಾಗಿಲನ್ನೇ ಬಿಚ್ಚಿಸಿ ತೆರೆಯದ ಗಾಜನ್ನು ಮಾತ್ರ ಉಳಿಸಿಕೊಂಡೆವು. ಬಾಗಿಲಿಲ್ಲದೆ ಒಂದೇ ಗಾಜಿನ ವ್ಯವಸ್ಥೆಯನ್ನೂ ಯೋಚಿಸಿ ನೋಡಿ, ಖರ್ಚೂ ಅರ್ಧವಾಗುತ್ತದೆ. ಕೈಹಿಡಿಯ ಕಂಬಿಯನ್ನು ಸಾಲಿಡ್ ಬ್ಲಾಕ್ ಗೋಡೆಗೆ ಬಿಗಿಸಿ. ಗಾಜಿನ ಹಿಡಿಕೆಯಾಗಲಿ ಟವೆಲ್ ಕಂಬಿಯಾಗಲಿ ಬೀಳುವವರ ಭಾರ ತಡೆಯಲು ಇರುವುದಲ್ಲ.

ಒಮ್ಮೆ ಒಡೆದದ್ದು ಕಂಡವಳು, ಬೆಂಗಳೂರು

ಎಲ್ಲರೂ ಟಫನ್ಡ್ ಗಾಜು ಸುರಕ್ಷಿತ ಎನ್ನುತ್ತಿದ್ದೀರಿ. ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಎರಡು ಗಂಟೆಗೆ, ಯಾರೂ ಮುಟ್ಟದೆ, ಬಾಗಿಲು ತಾನಾಗಿ ಸಿಡಿಯಿತು. ಪಟಾಕಿ ಸಿಡಿದಂಥ ಸದ್ದು. ಎದ್ದು ಹೋಗಿ ನೋಡಿದರೆ ನೆಲದ ತುಂಬ ಕಲ್ಲುಸಕ್ಕರೆ ಚೆಲ್ಲಿದಂತೆ ಗಾಜಿನ ಹರಳುಗಳು, ಹಿಂಜ್ ಮಾತ್ರ ಗೋಡೆಯಲ್ಲಿ ನೇತಾಡುತ್ತಿತ್ತು. ಚೂರುಗಳು ಮೊಂಡಾಗಿದ್ದರೂ ಗುಡಿಸುವಾಗ ಎರಡು ಕಡೆ ಬೆರಳು ಕೊಯ್ದವು. ಕೂರಿಸಿದವರು ‘ಹಾಗೂ ಆಗುತ್ತದೆ’ ಎಂದು ಕೈತೊಳೆದುಕೊಂಡರು. ಇದಕ್ಕೆ ಕಾರಣವೇನು, ತಡೆಯಲು ದಾರಿಯಿದೆಯೇ?

ಗಾಜಿನ ಕೆಲಸದವ, ಬೆಂಗಳೂರು

ಹಾಗೂ ಆಗುತ್ತದೆ ಎಂಬುದು ಉತ್ತರವಲ್ಲ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕಾಯಿಸಿ, ಎರಡೂ ಮೈಗೆ ಜೋರಾಗಿ ಗಾಳಿ ಹೊಡೆದು ಒಮ್ಮೆಗೇ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ಕುಗ್ಗುತ್ತದೆ. ಇದರಿಂದ ಹೊರಮೈ ಸದಾ ಒತ್ತಿಹಿಡಿದ ಸ್ಥಿತಿಯಲ್ಲೂ ಒಳಭಾಗ ಸದಾ ಸೆಳೆತದಲ್ಲೂ ಉಳಿಯುತ್ತವೆ. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲ ಬರುವುದು ಈ ಕಾರಣಕ್ಕೆ, ಒಂದು ಕಡೆ ಒಳಗಿನವರೆಗೆ ಬಿರುಕು ಇಳಿದರೆ ಇಡೀ ಹಲಗೆ ಪುಡಿಯಾಗುವುದೂ ಇದೇ ಕಾರಣಕ್ಕೆ. ಕರಗಿಸುವಾಗ ಗಾಜಿನಲ್ಲಿ ಉಳಿದುಬಿಡುವ ನಿಕಲ್ ಸಲ್ಫೈಡಿನ ಕಣ ವರ್ಷಗಳ ಮೇಲೆ ನಿಧಾನವಾಗಿ ಹಿಗ್ಗಿ ಹೀಗೆ ಒಡೆಯಿಸುವುದುಂಟು. ಅಂಥ ಗಾಜು ಕಾರ್ಖಾನೆಯಲ್ಲೇ ಒಡೆದುಹೋಗಲಿ ಎಂದು ಸುಮಾರು 290 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ನೋಡುವ ‘ಹೀಟ್ ಸೋಕ್’ ಪರೀಕ್ಷೆಯಿದೆ. ಕೇಳಿದರೆ ಹೆಚ್ಚುವರಿ ಹಣಕ್ಕೆ ಮಾಡಿಕೊಡುತ್ತಾರೆ.

ಆದರೆ ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವುಗಳ ಕಾರಣ ಕಾರ್ಖಾನೆಯದಲ್ಲ, ನಮ್ಮಂಥ ಕೂರಿಸುವವರದು. ಟಫನ್ಡ್ ಗಾಜಿನ ದೌರ್ಬಲ್ಯವೆಲ್ಲ ಅಂಚಿನಲ್ಲಿ, ಅದರಲ್ಲೂ ಮೂಲೆಯಲ್ಲಿದೆ. ಇಳಿಸುವಾಗ ಮೂಲೆಯನ್ನು ಗಟ್ಟಿ ಟೈಲ್ಸ್ ಮೇಲೆ ತಾಗಿಸುವುದು, ಹಿಂಜಿನ ತಗಡಿಗೂ ಗಾಜಿಗೂ ನಡುವೆ ಇರಬೇಕಾದ ಗ್ಯಾಸ್ಕೆಟ್ ಜಾರಿ ಲೋಹವೇ ಗಾಜಿಗೆ ತಾಗುವುದು, 8 ಮಿ.ಮೀ. ಗಾಜಿಗೆ 10 ಮಿ.ಮೀ.ನ ಗ್ಯಾಸ್ಕೆಟ್ ಹಾಕಿ ಸಡಿಲವಾಯಿತೆಂದು ಒಂದೇ ಸ್ಕ್ರೂವನ್ನು ತಿರುಚಿ ಬಿಗಿಯುವುದು, ಇವೇ ಮುಖ್ಯ. ಕೆಲಸ ಮುಗಿದ ಮೇಲೆ ಅಂಚಿನ ಉದ್ದಕ್ಕೂ ಬೆರಳಾಡಿಸಿ ನೋಡಿ. ಉಗುರು ಸಿಕ್ಕುವಷ್ಟು ಚಕ್ಕೆ ಎದ್ದಿದ್ದರೂ ಆ ಹಲಗೆಯನ್ನು ಒಪ್ಪಿಕೊಳ್ಳಬೇಡಿ. ಒಡೆದರೂ ಚೂರು ಚೆಲ್ಲಬಾರದು ಎನ್ನುವವರು ಹೊರಮೈಗೆ ಪಾರದರ್ಶಕ ಸುರಕ್ಷತಾ ಫಿಲ್ಮ್ ಅಂಟಿಸಿಕೊಳ್ಳಬಹುದು, ಹಿರಿಯರಿರುವ ಮನೆಯಲ್ಲಿ ನಾನು ಅದನ್ನು ಹೇಳಿಯೇ ಹೇಳುತ್ತೇನೆ.

ಬೋರ್‌ವೆಲ್ ನೀರಿನ ಮಾತು ಉಳಿದಿತ್ತು. ಕುಡಿಯುವ ನೀರಿನ ಮಾನದಂಡ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿ.ಗ್ರಾಂ. ಎಂಬ ಮಿತಿ ಹೇಳುತ್ತದೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನಿಮ್ಮ ನೀರು ಆ ಮೇಲಿನ ಅಂಕಿಯ ಹತ್ತಿರವಿದ್ದರೆ ತಿಂಗಳೊಳಗೆ ಗಾಜಿನ ಮೇಲೆ ಉಪ್ಪುಕಲೆ ಕೂರುತ್ತದೆ. ಸ್ನಾನದ ನಂತರ ರಬ್ಬರ್ ವೈಪರಿನಿಂದ ಒಮ್ಮೆ ಎಳೆಯುವುದೊಂದೇ ಖಚಿತ ಮದ್ದು. ನೀರು ನಿಲ್ಲದಂತೆ ಮಾಡುವ ಲೇಪನಗಳೂ ಇವೆ, ಆದರೆ ಅವು ಸವೆಯುತ್ತವೆ. ಕಲೆ ಕೂತಿದ್ದರೆ ವಿನೆಗರ್ ಸವರಿ ಐದು ನಿಮಿಷ ಬಿಟ್ಟು ತೊಳೆಯಿರಿ, ಅಮೃತಶಿಲೆಯ ಮೇಲೆ ಮಾತ್ರ ಬೀಳದಂತೆ ನೋಡಿಕೊಳ್ಳಿ. ಕಮೋಡು ತೊಳೆಯುವ ಆಸಿಡ್ ಹಿಂಜಿಗೆ ತಾಗಿದರೆ ಹಿತ್ತಾಳೆಯಾದರೂ ಕ್ರೋಮ್ ಕಳೆದುಕೊಳ್ಳುತ್ತದೆ. ಈಗ ಕಪ್ಪು ಬಣ್ಣದ ಹಿಂಜ್‌ಗಳ ಹುಚ್ಚು ಜೋರಾಗಿದೆ, ಗಡಸು ನೀರಿನ ಮನೆಯಲ್ಲಿ ಅದರ ಮೇಲೆ ಪ್ರತಿ ಹನಿಯೂ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ.

ಹೊಸಮನೆ, ಮೈಸೂರು

ಎಲ್ಲರ ಮಾತನ್ನೂ ಮನೆಯವರೊಂದಿಗೆ ಕೂತು ಓದಿದೆ. ಬಾಗಿಲಿಲ್ಲದ ವ್ಯವಸ್ಥೆ ನನಗೆ ಹಿಡಿಸಿತ್ತು, ಆದರೆ ಅತ್ತೆಯವರೇ ಬೇಡವೆಂದರು. ಮಣೆಯ ಮೇಲೆ ಕುಳಿತು ಸ್ನಾನ ಮಾಡುವ ಅವರಿಗೆ ಡಿಸೆಂಬರಿನಲ್ಲಿ ಬೆನ್ನಿಗೆ ಚಳಿಗಾಳಿ ತಾಗಬಾರದಂತೆ. ಆದ್ದರಿಂದ ಹೊರಗೆ ತೆರೆಯುವ 700 ಮಿ.ಮೀ. ಬಾಗಿಲು, 10 ಮಿ.ಮೀ. ಗಾಜು, ಹಿತ್ತಾಳೆ ಹಿಂಜ್, ಕ್ರೋಮ್ ಬಣ್ಣ, ಹೊರಮೈಗೆ ಫಿಲ್ಮ್ ಎಂದು ನಿರ್ಧರಿಸಿದ್ದೇವೆ. ಕಟ್ಟೆ ಕೈಬಿಟ್ಟೆವು. ಮೇಸ್ತ್ರಿಯವರು ನಿನ್ನೆ ವಾಟ ಹಿಡಿದು ಸಿಮೆಂಟ್ ಬೆಡ್ ಹಾಕಿದ್ದಾರೆ, ಗಾಜಿನ ಗೆರೆಯ ಮೇಲೆ ನೀರು ಸುರಿದಾಗ ಎಡಮೂಲೆಯಲ್ಲಿ ಅಂಗೈಯಗಲ ನೀರು ನಿಂತಿತು. ಅಷ್ಟು ಜಾಗ ಕೆತ್ತಿ ಸರಿಮಾಡಿಕೊಡುವುದಾಗಿ ಅವರೇ ಒಪ್ಪಿದರು.

ಇವತ್ತು ಅಳತೆ ತೆಗೆದವರು ತೂಗುಗುಂಡು ಬಿಟ್ಟು ನೋಡಿ, ಬಲಗೋಡೆ 2 ಮಿ.ಮೀ., ಎಡಗಡೆಯ ಎಎಸಿ ಗೋಡೆ 6 ಮಿ.ಮೀ. ಔಟ್ ಇದೆ ಎಂದರು. ಇದರಿಂದ ತೊಂದರೆಯಾಗುವುದೇ?

ಗಾಜಿನ ಕೆಲಸದವ, ಬೆಂಗಳೂರು

ತೊಂದರೆಯಿಲ್ಲ. ಹಿಂಜಿನ ಗೋಡೆ ನೆಟ್ಟಗಿರುವುದೇ ಮುಖ್ಯ, 2 ಮಿ.ಮೀ.ಯನ್ನು ಹಿಂಜಿನ ಹಿಂದೆ ತೆಳುವಾದ ಪ್ಯಾಕಿಂಗ್ ಇಟ್ಟು ಸರಿಪಡಿಸುತ್ತಾರೆ. ಎಡಗಡೆ ಕ್ಲಾಂಪಿನ ಬದಲು ಯು ಚಾನೆಲ್, ಅಂದರೆ ಗಾಜಿನ ಅಂಚು ಒಳಗೆ ಕೂರುವ ಯು ಆಕಾರದ ಪಟ್ಟಿ ಹಾಕಿಸಿ. ಅರ್ಧ ಇಂಚು ಆಳದ ಚಾನೆಲ್ ಆ 6 ಮಿ.ಮೀ. ಓರೆಯನ್ನು ಒಳಗೇ ನುಂಗಿಕೊಳ್ಳುತ್ತದೆ. ಅಳತೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಬರೆದಿದ್ದಾರೆಯೇ ನೋಡಿ. ನೆಲದ ಟೈಲ್ಸ್ ಪೂರ್ತಿಯಾದ ಮೇಲೆ ಎತ್ತರವನ್ನು ಮತ್ತೊಮ್ಮೆ ಅಳೆಯದೆ ಗಾಜಿಗೆ ಆರ್ಡರ್ ಕೊಡಬೇಡಿ. ಟಫನ್ ಆದ ಗಾಜನ್ನು ಒಂದು ಕೂದಲೆಳೆಯಷ್ಟೂ ಕತ್ತರಿಸಲಾಗದು, ತೂತು ಕೊರೆಯಲೂ ಆಗದು. ಹಿಂಜಿನ ಕಟೌಟ್ ಮತ್ತು ಹಿಡಿಕೆಯ ತೂತು ಗುರುತಿಸಿದ ನಕ್ಷೆಗೆ ನೀವು ಸಹಿ ಹಾಕುವ ಮುನ್ನ, ‘ಹೊರಗೆ ನಿಂತು ನೋಡಿದಂತೆ, ಹಿಂಜ್ ಬಲಕ್ಕೆ’ ಎಂದು ಅದರ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆಸಿ.